ಬಡವರ ಮನೆಯ ನಡುಗೋಡೆ

ವಾರ್ನಾಕ್ ಕೌಂಟಿಯ ಜನ ಬಹಳ ದಯಾಳುಗಳು. ಹಾಗಂತ ಅವರೇ ಹೇಳಿಕೊಳ್ಳುತ್ತಿದ್ದರು. ಬೇರೆಯವರು ಹೇಳಲಿ ಎಂದು ಕಾಯುವಷ್ಟು ವ್ಯವಧಾನ ಅವರಿಗೆ ಇರಲಿಲ್ಲ. ಅಮೆರಿಕದ ಓಹಾಯೋ ರಾಜ್ಯದ ಆ ಮೂಲೆಯಲ್ಲಿ ಒಂದು ಕಾಲಕ್ಕೆ ದಿಕ್ಕಿಲ್ಲದ ಮುದುಕ ಮುದುಕಿಯರನ್ನು, ಕುಂಟರನ್ನು, ಕುರುಡರನ್ನು ವಸಂತ ಬಂದ ಕೂಡಲೇ ಹೆಂಡದಂಗಡಿಯ ಮೆಟ್ಟಿಲ ಮೇಲೆ ನಿಲ್ಲಿಸಿ ಹರಾಜು ಹಾಕುತ್ತಿದ್ದರು. ಹರಾಜು ಎಂದರೆ ತಲೆಕೆಳಗಿನ ಹರಾಜು. ಎಲ್ಲರಿಗಿಂತ ಕಡಿಮೆ ದುಡ್ಡಿಗೆ ಸಾಕುತ್ತೇನೆ ಎಂದವನ ಪಾಲಿಗೆ ಮುದುಕ. ಅವನು ಸಾಕಿದರೆ ಸಾಕಿದ, ಇಲ್ಲವಾದರೆ ಹೂಳಿದ. ಎರಡೂ ಕೌಂಟಿಯ, ಎಂದರೆ ಜಿಲ್ಲೆಯ, ಖರ್ಚಿನಲ್ಲೇ ನಡೆಯುತ್ತಿತ್ತು.

ಆಮೇಲೆ ನಾಗರಿಕತೆ ಬಂತು. ಹರಾಜಾದ ಒಬ್ಬ ಮುದುಕ ಚಳಿಯಲ್ಲಿ ಸೆಟೆದು ಸತ್ತ. ಪಕ್ಕದ ಕೌಂಟಿಯ ಪತ್ರಿಕೆ ಅದನ್ನು ರಸವತ್ತಾಗಿ ಬರೆಯಿತು. ಹರಾಜು ಅನಾಗರಿಕ ಎಂದು ವಾರ್ನಾಕ್‌ನವರಿಗೆ ಹೊಳೆದದ್ದೂ ಅದೇ ತಿಂಗಳು, ಆದರೆ ಇದಕ್ಕೂ ಅದಕ್ಕೂ ಸಂಬಂಧವಿಲ್ಲವಂತೆ. ಊರಾಚೆ ಜಮೀನು ಕೊಂಡರು, ಬಡವರನ್ನು ಇಡಲು ಕೆಂಪು ಇಟ್ಟಿಗೆಯ ದೊಡ್ಡ ಮನೆ ಕಟ್ಟಲು ಹೊರಟರು. ಪೂರ್ವದ ಭಾಗ ಗಂಡಸರಿಗೆ, ಪಶ್ಚಿಮದ ಭಾಗ ಹೆಂಗಸರಿಗೆ, ಎದುರಿನ ಕೋಣೆಗಳು ಮೇಲ್ವಿಚಾರಕನ ಸಂಸಾರಕ್ಕೆ. ಗಂಡ ಹೆಂಡತಿ ಇಬ್ಬರೂ ಬಡವರಾಗಿ ಬಂದರೆ ಏನು ಮಾಡುವುದು ಎಂದು ಊರಿನ ಸಭೆಯಲ್ಲಿ ಯಾರೋ ಕೇಳಿದರು. ಆಗ ಒಬ್ಬ ರೈತ ಎದ್ದು ನಿಂತ. ಕೈತುಂಬ ಬೆಳೆ, ಹಟ್ಟಿ ತುಂಬ ಹಸು, ಎರಡು ಗಂಡುಮಕ್ಕಳು ಇದ್ದವನು. ಹೊಟ್ಟೆ ತುಂಬಿದವನ ಧ್ವನಿಯಲ್ಲಿ ಹೇಳಿದ:

"ಕೌಂಟಿ ಖರ್ಚಲ್ಲಿ ಸಂಸಾರ ಮಾಡೋಕೆ ಬಿಟ್ರೆ ಕೆಲಸ ಮಾಡೋರು ಯಾರು ಸ್ವಾಮಿ? ಎಲ್ಲಾರೂ ಹೆಂಡ್ತಿ ಕೈಹಿಡ್ಕೊಂಡು ಬಂದುಬಿಡ್ತಾರೆ. ನಡುವೆ ಒಂದು ಗೋಡೆ ಹಾಕಿ. ಹಾಕೋದು ಹಾಕ್ತೀರಿ, ಗಟ್ಟಿಯಾಗಿ ಹಾಕಿ."

ಚಪ್ಪಾಳೆಯೋ ಚಪ್ಪಾಳೆ. ಆ ರೈತ ಬರೀ ಬಾಯಿಮಾತಿನವನಲ್ಲ, ಗೋಡೆಗೆ ಬೇಕಾದ ಕಲ್ಲನ್ನು ತನ್ನದೇ ಗಾಡಿಯಲ್ಲಿ ಪುಕ್ಕಟೆಯಾಗಿ ತಂದು ಹಾಕಿದ. ಅವನ ಹೆಸರು ಎಬೆನ್ ಪ್ರೌಟಿ. ಈಗ ಅವನು ಅದೇ ಗೋಡೆಯ ಪೂರ್ವಕ್ಕೆ ಮಲಗುತ್ತಾನೆ. ಅವನ ಹೆಂಡತಿ ಹಲ್ಡಾ ಪಶ್ಚಿಮಕ್ಕೆ ಮಲಗುತ್ತಾಳೆ.

ಅವರು ಇಲ್ಲಿಗೆ ಬಂದದ್ದು ಹೇಗೆ ಎಂದು ಕೇಳಿದರೆ ಉದ್ದನೆಯ ಕಥೆಯೇನೂ ಇಲ್ಲ. ಎರಡು ಗಂಡುಮಕ್ಕಳನ್ನು ದಕ್ಷಿಣದ ರಾಜ್ಯಗಳ ಮೇಲಿನ ಯುದ್ಧ ನುಂಗಿತು, ಹಟ್ಟಿಯನ್ನು ಸಿಡಿಲು ನುಂಗಿತು, ಎಬೆನ್‌ನ ಕಣ್ಣನ್ನು ಪೊರೆ ನುಂಗುತ್ತಾ ಬಂತು. ಉಳಿದದ್ದು ಹಲ್ಡಾಳ ಕೈರುಚಿ ಮತ್ತು ಅವಳ ನಾಲಿಗೆ. ಎರಡೂ ಚುರುಕಾಗಿದ್ದವು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಗಂಡ ಹೆಂಡಿರಾದವರು ಅಂಗಳದ ಬೇಲಿಯ ಆಚೆ ಈಚೆ ನಿಂತು ಸ್ವಲ್ಪ ಹೊತ್ತು ಮಾತಾಡಬಹುದಿತ್ತು. ಮೇಲ್ವಿಚಾರಕ ಸ್ಪ್ರಾಗ್‌ನ ಹೆಂಡತಿ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದಳು. ಎಪ್ಪತ್ತು ದಾಟಿದವರು ಬೇಲಿಯ ಸಂದಿನಲ್ಲಿ ಏನು ಅನಾಹುತ ಮಾಡಿಬಿಡುತ್ತಾರೋ ಎಂಬ ಚಿಂತೆ ಅವಳಿಗೆ.

"ಹೇಗಿದೆ ನಿನ್ನ ಗೋಡೆ?" ಹಲ್ಡಾ ಪ್ರತಿ ಸಲ ಹೀಗೇ ಶುರು ಮಾಡುತ್ತಿದ್ದಳು.

"ಗಟ್ಟಿಯಾಗಿದೆ," ಎನ್ನುತ್ತಿದ್ದ ಎಬೆನ್.

"ಇರದೇ ಏನು! ನಮ್ಮ ಹಟ್ಟಿಗೆ ಇಷ್ಟು ಗಟ್ಟಿಯಾಗಿ ಏನಾದ್ರೂ ಕಟ್ಟಿದ್ರೆ ಇವತ್ತು ಹಸುಗಳಾದ್ರೂ ಇರ್ತಿದ್ವು."

"ಬಿಡೇ ಮಾರಾಯ್ತಿ. ಆಗ ನನಗೇನು ಗೊತ್ತಿತ್ತು?"

"ಗೊತ್ತಿದ್ರೆ ಏನ್ ಮಾಡ್ತಿದ್ದೆ? ಒಂದು ಕಿಟಕಿ ಇಡಿಸ್ತಿದ್ಯಾ?"

ಅಕ್ಟೋಬರಿನ ಒಂದು ಭಾನುವಾರ ಮಾತ್ರ ಅವಳಿಗೆ ನಗು ಬರಲಿಲ್ಲ. ಬೇಲಿಯ ಮೇಲೆ ಅವಳ ಕೈ ಹುಡುಕುತ್ತಿದ್ದ ಅವನ ಕೈ ಬರೀ ಮೂಳೆಯಾಗಿತ್ತು. ಹಣೆಯ ಮೇಲೆ ಕಂದಿದ ಗಾಯ. ಗಡ್ಡ ಅಡ್ಡಾದಿಡ್ಡಿ ಬೆಳೆದಿತ್ತು.

"ಊಟ ಮಾಡ್ತಿದ್ದೀಯೋ ಇಲ್ವೋ?"

"ಮಾಡ್ತೀನಲ್ಲ."

"ನನ್ನ ಹತ್ರ ಸುಳ್ಳು ಹೇಳ್ಬೇಡ, ನಿಂಗೆ ಬರಲ್ಲ ಅದು."

"ತಟ್ಟೇಲಿ ರೊಟ್ಟಿ ಇಡ್ತಾರೆ ಕಣೇ. ನಾನು ಕೈ ಚಾಚೋ ಹೊತ್ತಿಗೆ ಇರಲ್ಲ."

"ಯಾರು ತಗೋತಾರೆ?"

"ಕಣ್ಣಿರೋರು."

ಈ ಚಳಿಗಾಲವನ್ನು ಇವನು ಒಬ್ಬನೇ ದಾಟುವುದಿಲ್ಲ ಎಂದು ಹಲ್ಡಾಳಿಗೆ ಖಚಿತವಾಯಿತು. ಬಟ್ಟೆ ಒಗೆಯುವ ಮನೆಯ ಮೇಲೆ ಒಂದು ಸಣ್ಣ ಕೋಣೆ ಖಾಲಿ ಬಿದ್ದಿತ್ತು. ಮುರಿದ ತೊಟ್ಟಿ, ಹಳೇ ಬುಟ್ಟಿ ತುಂಬಿಸಿಟ್ಟಿದ್ದರು ಅಷ್ಟೇ. ಅದನ್ನು ತಮ್ಮಿಬ್ಬರಿಗೆ ಕೊಟ್ಟರೆ ಸಾಕು. ಅವನ ರೊಟ್ಟಿಯನ್ನು ತಾನು ಕಾಯುತ್ತೇನೆ, ಮೆಟ್ಟಿಲಲ್ಲಿ ಕೈ ಹಿಡಿಯುತ್ತೇನೆ. ಮೊದಲು ಸ್ಪ್ರಾಗ್‌ನನ್ನು ಕೇಳಿದಳು. ಅವನು, "ನನ್ನ ಕೈಲಿ ಏನಿದೆಯಮ್ಮಾ? ಕಮಿಷನರುಗಳು ಹೇಳ್ಬೇಕು," ಎಂದು ಕೈ ತೊಳೆದುಕೊಂಡ. ತಪಾಸಣೆಯ ದಿನ ಕೇಳುವುದು ಎಂದು ಹಲ್ಡಾ ನಿಶ್ಚಯಿಸಿದಳು.

ತಪಾಸಣೆ ಎಂದರೆ ಊಟ. ವರ್ಷಕ್ಕೊಮ್ಮೆ ಕೌಂಟಿಯ ಆಡಳಿತ ನಡೆಸುವ ಕಮಿಷನರುಗಳು ಸಾರೋಟಿನಲ್ಲಿ ಬಂದು, ಹಂದಿಗಳನ್ನು ನೋಡಿ ಮೆಚ್ಚಿ, ಹಸುಗಳ ಬೆನ್ನು ತಟ್ಟಿ, ಬಡವರನ್ನು ಬಾಗಿಲಲ್ಲೇ ನಿಂತು ಎಣಿಸಿದಂತೆ ಮಾಡಿ, ಮೇಲ್ವಿಚಾರಕನ ಊಟದ ಕೋಣೆಗೆ ಹೋಗುತ್ತಿದ್ದರು. ಆಮೇಲೆ ಸಂಜೆಯವರೆಗೆ ತಪಾಸಣೆ ನಡೆಯುವುದು ತಟ್ಟೆಗಳ ಮೇಲೆ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಆದರೆ ಇದು ತಪ್ಪಿದರೆ ಕೌಂಟಿ ಮುಳುಗಿಹೋಗುತ್ತದೆ ಎಂಬಂತೆ ನಡೆಸಿಕೊಂಡು ಬಂದಿದ್ದರು. ಅದಕ್ಕೆಂದೇ ಸ್ಪ್ರಾಗ್ ಬೇಸಿಗೆಯಿಂದ ಕೋಳಿಗಳನ್ನು ಕೊಬ್ಬಿಸುತ್ತಿದ್ದ. ಉಳಿದ ದಿನಗಳಲ್ಲಿ ಮನೆಯವರಿಗೆ ಮೆಕ್ಕೆಜೋಳದ ನೀರುಗಂಜಿ, ಉಪ್ಪು ಹಚ್ಚಿದ ಹಂದಿಮಾಂಸದ ಚೂರು, ಒಣರೊಟ್ಟಿ. ಭಾನುವಾರ ಗಂಜಿಗೆ ಒಂದು ಚಮಚ ಕಾಕಂಬಿ ಸುರಿದರೆ ಅದೇ ಹಬ್ಬ.

ಬಡವರ ಮನೆಯ ಅಡುಗೆ ಹಲ್ಡಾಳದೇ. ಅಡುಗೆಮನೆಯಲ್ಲಿ ಅವಳ ಜೊತೆ ನೋರಾ ಕ್ವಿಲ್ಟಿ ಎಂಬ ಐರಿಷ್ ಹೆಂಗಸು ಪಾತ್ರೆ ತಿಕ್ಕುತ್ತಿದ್ದಳು. ದೊಡ್ಡ ಬಾಯಿ, ಅದಕ್ಕಿಂತ ದೊಡ್ಡ ಮನಸ್ಸು.

"ಹಲ್ಡಕ್ಕಾ, ಇಷ್ಟು ಬೆಣ್ಣೆ ಹಾಕ್ತಿದ್ದೀಯಲ್ಲ, ಅವರ ಮನಸ್ಸು ಕರಗುತ್ತೆ ಅಂತಾನಾ?"

"ಹೊಟ್ಟೆ ತುಂಬಿದ ಮೇಲೆ ಗಂಡಸರು ಮೆತ್ತಗಾಗ್ತಾರೆ ಕಣೇ. ನಂಗೆ ಗೊತ್ತಿಲ್ವಾ?"

"ನಿನ್ ಗಂಡ ಹೊಟ್ಟೆ ತುಂಬಿದ್ದಾಗಲೇ ತಾನೇ ಗೋಡೆ ಹಾಕ್ಸಿದ್ದು?"

ಹಲ್ಡಾ ಹಿಟ್ಟಿನ ಕೈಯಲ್ಲೇ ಅವಳ ಬೆನ್ನಿಗೊಂದು ಕೊಟ್ಟಳು. ಆದರೆ ಆ ಮಾತು ಚುಚ್ಚಿತು. ಬೆಣ್ಣೆಯನ್ನು ಇನ್ನಷ್ಟು ಹಾಕಿದಳು.

ಆ ಊಟವನ್ನು ತಿಂದವರು ಇವತ್ತು ಬದುಕಿಲ್ಲದಿರುವುದು ನ್ಯಾಯವಲ್ಲ, ಅಷ್ಟು ಚೆನ್ನಾಗಿತ್ತು. ಕೋಳಿಯ ಗಟ್ಟಿ ಸಾರಿನಲ್ಲಿ ತೇಲುವ ಹಿಟ್ಟಿನುಂಡೆ, ಜೇನಿನಲ್ಲಿ ಬೆಂದ ಹಂದಿತೊಡೆ, ಬೆಣ್ಣೆಯಲ್ಲಿ ಮುಳುಗಿದ ಕುಂಬಳ, ಕೊನೆಗೆ ಸೇಬಿನ ಪೈ. ಮೇಜಿನ ತಲೆಯಲ್ಲಿ ಅಧ್ಯಕ್ಷ ಡೀಕನ್ ವಿಟ್‌ಕಾಂಬ್ ಕೂತಿದ್ದ. ಚರ್ಚಿನಲ್ಲಿ ಹಿರಿಯ, ಪೇಟೆಯಲ್ಲಿ ಹಿಟ್ಟಿನ ಗಿರಣಿಯ ಧಣಿ. ಅವನ ಎಡಬಲಕ್ಕೆ ಇನ್ನಿಬ್ಬರು ಕಮಿಷನರುಗಳು, ಅವನು ನಕ್ಕಾಗ ನಗುವುದಕ್ಕೆ, ಕೆಮ್ಮಿದಾಗ ಕೆಮ್ಮುವುದಕ್ಕೆ. ಕೊನೆಯಲ್ಲಿ ಕೌಂಟಿಯ ವೈದ್ಯ ಪೆಟಿಬೋನ್. ಪೈ ಮುಗಿಯುವ ಹೊತ್ತಿಗೆ ಡೀಕನ್ ಕೋಟಿನ ಕೆಳಗುಂಡಿ ಬಿಚ್ಚಿ, "ಯಾರು ಮಾಡಿದ್ದಿದು? ಕರೀರಿ ಅವಳನ್ನ," ಎಂದ.

ಹಲ್ಡಾ ಕೈ ಒರೆಸಿಕೊಂಡು ಬಂದು ನಿಂತಳು. ಸುತ್ತಿಬಳಸದೆ ಕೇಳಿದಳು.

"ಸ್ವಾಮಿ, ನನ್ನ ಯಜಮಾನರಿಗೆ ಕಣ್ಣು ಕಾಣಲ್ಲ. ಬಟ್ಟೆ ಒಗೆಯೋ ಮನೆ ಮೇಲೊಂದು ಕೋಣೆ ಖಾಲಿ ಇದೆ. ನಮ್ಮಿಬ್ಬರಿಗೆ ಅದನ್ನ ಕೊಟ್ರೆ ನಾನು ಅವರನ್ನ ನೋಡ್ಕೋತೀನಿ. ಅಡುಗೆ ಕೆಲಸ ಬಿಡಲ್ಲ, ದಿನಾ ಮಾಡ್ತೀನಿ. ನಿಮಗೆ ಖರ್ಚೇನೂ ಬರಲ್ಲ."

ಡೀಕನ್ ಚಮಚ ಕೆಳಗಿಟ್ಟ.

"ಇಬ್ಬರೂ... ಒಂದೇ ಕೋಣೇಲಿ?" ಡೀಕನ್ ಹುಬ್ಬೇರಿಸಿದ.

"ಮದುವೆ ಆಗಿದೆ ಸ್ವಾಮಿ. ಐವತ್ತು ವರ್ಷದ ಹಿಂದೇನೇ ಆಯ್ತು."

"ಅದು ಹೊರಗಿನ ಮಾತಮ್ಮ. ಇಲ್ಲಿ ನೀತಿ ಅಂತ ಒಂದಿದೆ. ನಿಮಗೆ ಕೊಟ್ರೆ ನಾಳೆ ಎಲ್ಲಾರೂ ಕೇಳ್ತಾರೆ. ಬಡವರ ಮನೆ ಮನೆ ಥರ ಆಗ್ಬಿಟ್ರೆ, ಮನೆ ಇರೋರೆಲ್ಲ ಇಲ್ಲಿಗೇ ಬರ್ತಾರಲ್ಲ?"

ಅವನ ಎಡಬಲದವರು ತಲೆಯಾಡಿಸಿದರು. ಒಬ್ಬನ ಗಲ್ಲದ ಮೇಲೆ ಇನ್ನೂ ಕುಂಬಳ ಅಂಟಿತ್ತು.

ಆಮೇಲೆ ಡೀಕನ್ನನ ಕಣ್ಣು ಖಾಲಿ ತಟ್ಟೆಗಳ ಮೇಲೆ ಬಿತ್ತು. ಅವನ ಮುಖದಲ್ಲಿ ಯೋಚನೆ ಮೂಡುವುದನ್ನು ಹಲ್ಡಾ ಕಣ್ಣಾರೆ ಕಂಡಳು. ಒಲೆಯ ಮೇಲೆ ಹಾಲು ಉಕ್ಕುವುದನ್ನು ದೂರದಿಂದ ನೋಡಿದಂತೆ ಅವಳಿಗಾಯಿತು, ಓಡಿಹೋಗಿ ಇಳಿಸಲು ದಾರಿಯಿಲ್ಲ.

"ಸ್ಪ್ರಾಗ್, ಇಲ್ಲಿನೋರು ಇಂಥಾ ಊಟ ಮಾಡ್ತಾರಾ?"

ಸ್ಪ್ರಾಗ್ ಬೆವರಿದ. ಇಲ್ಲ ಎಂದರೆ ಉಳಿದ ದಿನ ಏನು ಕೊಡುತ್ತೀ ಎಂಬ ಪ್ರಶ್ನೆ ಬರುತ್ತದೆ. "ಇಲ್ಲಿ ಯಾರಿಗೂ ಏನೂ ಕೊರತೆ ಇಲ್ಲ ಸ್ವಾಮಿ," ಎಂದ.

"ಅದೇ ಕಣಯ್ಯಾ ತೊಂದರೆ! ಹೀಗೆ ತಿನ್ಸಿದ್ರೆ ಸೋಮಾರಿಗಳಾಗದೆ ಇನ್ನೇನಾಗ್ತಾರೆ? ಇವತ್ತಿಂದ ಭಾನುವಾರದ ಕಾಕಂಬಿ ಬಂದ್ ಮಾಡು." ಹಾಗೆ ಹೇಳಿ ಹಲ್ಡಾಳ ಕಡೆ ತಿರುಗಿ ಮುಖವರಳಿಸಿದ. "ಇನ್ನು ನೀನು. ಇಷ್ಟು ಚೆನ್ನಾಗಿ ಅಡುಗೆ ಮಾಡೋಳು ಬಡವಳು ಹೇಗಾಗ್ತೀಯಾ? ಕೈಕಾಲು ಗಟ್ಟಿಯಾಗಿದೆ, ಕಸುಬು ಬರುತ್ತೆ. ನಿನ್ನ ಹೆಸರು ಇಲ್ಲಿಂದ ತೆಗೀತೀನಿ. ನಾಳೆಯಿಂದ ನಮ್ಮನೇಲಿ ಅಡುಗೆ ಮಾಡು, ಊಟ ವಸತಿ ಅಲ್ಲೇ. ಇನ್ಮೇಲೆ ನೀನು ಯಾರಿಗೂ ಭಾರ ಅಲ್ಲ. ದೇವರಿಗೆ ಕೃತಜ್ಞತೆ ಹೇಳು."

ಎಲ್ಲರೂ ಅವಳಿಗೆ ಶುಭ ಕೋರಿದರು. ಹಲ್ಡಾ ಅಡುಗೆಮನೆಗೆ ವಾಪಸು ಬಂದು ಒಲೆಯ ಮುಂದೆ ಕೂತುಬಿಟ್ಟಳು. ನೋರಾ ಬಾಯಿ ತೆರೆಯಲಿಲ್ಲ. ಅವಳು ಬಾಯಿ ಮುಚ್ಚಿಕೊಂಡಿದ್ದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಕಾಕಂಬಿ ಹೋದ ಸುದ್ದಿ ಎರಡೂ ಕಡೆಗೆ ಹಬ್ಬಿ, ರಾತ್ರಿಯ ಊಟದ ಹೊತ್ತಿಗೆ ಮನೆಯವರೆಲ್ಲ ಹಲ್ಡಾಳನ್ನೇ ಬೈಯುತ್ತಿದ್ದರು. ಕಮಿಷನರುಗಳನ್ನು ಯಾರೂ ಬೈಯಲಿಲ್ಲ, ಅವರು ಹೊರಟುಹೋಗಿದ್ದರಲ್ಲ.

ಬೆಳಿಗ್ಗೆ ಸಾರೋಟು ಬಂದಾಗ ಎಬೆನ್ ಬೇಲಿಯ ಹತ್ತಿರ ನಿಂತಿದ್ದ, ಅವಳಿರುವ ದಿಕ್ಕು ಬಿಟ್ಟು ಬೇರೆ ಕಡೆ ಮುಖ ಮಾಡಿಕೊಂಡು.

"ಇಲ್ಲಿದ್ದೀನಿ ಕಣೋ, ಈ ಕಡೆ," ಎಂದಳು ಹಲ್ಡಾ.

"ಹೋಗು. ಅಲ್ಲಿ ಬೆಚ್ಚಗಿರುತ್ತೆ. ನನ್ನ ಚಿಂತೆ ಮಾಡ್ಬೇಡ."

"ನಿನ್ನ ಚಿಂತೆ ಯಾರು ಮಾಡ್ತಾರೆ? ನಿನ್ನ ರೊಟ್ಟೀದು ಮಾಡ್ತಿದ್ದೀನಿ."

ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಆ ಸಿಟ್ಟು ಗೋಡೆ ಹಾಕಿಸಿದ ಗಂಡನ ಮೇಲೂ ಇತ್ತು, ಪೈಗೆ ಅಷ್ಟು ಬೆಣ್ಣೆ ಹಾಕಿದ ತನ್ನ ಕೈಯ ಮೇಲೂ ಇತ್ತು.

ಡೀಕನ್ ಮನೆಯಲ್ಲಿ ಅವಳಿಗೆ ನಿಜಕ್ಕೂ ಬೆಚ್ಚಗಿತ್ತು. ಅಡುಗೆ ರುಚಿಯಾದಷ್ಟೂ ತನ್ನ ಕೊರಳಿಗೆ ಗಂಟು ಬಿಗಿಯಾಗುತ್ತದೆ ಎಂದು ಅರ್ಥವಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಭಾನುವಾರ ಎಬೆನ್‌ನನ್ನು ನೋಡಿಬರುತ್ತೇನೆ ಎಂದು ಕೇಳಿದರೆ ಮಿಸೆಸ್ ವಿಟ್‌ಕಾಂಬ್, "ಭಾನುವಾರಾನೇ ಅಲ್ವೇನೇ ನಮ್ಮಲ್ಲಿ ನೆಂಟರು ಬರೋದು?" ಎಂದಳು. ಮರು ಭಾನುವಾರವೂ ನೆಂಟರು ಬಂದರು. ಇವರ ಮನೆಗೆ ಇಷ್ಟು ನೆಂಟರು ಹಿಂದೆಂದೂ ಬಂದಿರಲಿಲ್ಲವಂತೆ. ಬರುವುದು ತನ್ನ ಹಿಟ್ಟಿನುಂಡೆಗೆ ಎಂದು ಹಲ್ಡಾಳಿಗೆ ಗೊತ್ತಿತ್ತು.

ನವೆಂಬರಿನಲ್ಲಿ ಅಲ್ಲಿ ಒಂದು ದೊಡ್ಡ ಔತಣ. ಇಂಡಿಯಾ ಎಂಬ ದೂರದ ದೇಶದಲ್ಲಿ ಬರ ಬಿದ್ದಿದೆ, ಜನ ಹಸಿದಿದ್ದಾರೆ, ಅವರಿಗಾಗಿ ಮರುಗಲು ಪೇಟೆಯ ದೊಡ್ಡ ಹೆಂಗಸರು ಗಂಡಂದಿರ ಸಮೇತ ಸೇರಿದ್ದರು. ಮರುಗುವುದು ಊಟವಾದ ಮೇಲೆ ಎಂದು ಗೊತ್ತುಪಡಿಸಿದ್ದರು. ಬೆಳ್ಳಿಯ ಮುಚ್ಚಳ ಹಾಕಿದ ಪಾತ್ರೆಗಳನ್ನು ಹಲ್ಡಾ ಒಂದೊಂದಾಗಿ ತಂದಿಟ್ಟಳು. ಡೀಕನ್ ಕಣ್ಣುಮುಚ್ಚಿ ದೀರ್ಘವಾಗಿ ಪ್ರಾರ್ಥಿಸಿ, ಕಣ್ಣು ತೆರೆದು, ಮುಚ್ಚಳ ಎತ್ತಿದ.

ಒಳಗೆ ಮೆಕ್ಕೆಜೋಳದ ನೀರುಗಂಜಿ. ಎರಡನೆಯದರಲ್ಲಿ ಹಂದಿಮಾಂಸದ ಚೂರುಗಳು, ಉಪ್ಪಿನಿಂದ ಬಿಳಿಚಿಕೊಂಡಿದ್ದವು. ಮೂರನೆಯದರಲ್ಲಿ ಒಣರೊಟ್ಟಿ, ಮೇಜಿಗೆ ತಾಗಿದಾಗ ಟಕ್ ಎಂದು ಸದ್ದಾಯಿತು.

"ಏನಿದು?" ಎಂದ ಡೀಕನ್.

"ಊಟ ಸ್ವಾಮಿ."

"ಊಟ?"

"ಬಡವರ ಮನೇಗೆ ನೀವೇ ಗೊತ್ತುಮಾಡಿದ್ದು. ಇದನ್ನ ತಿಂದ್ರೆ ಯಾರಿಗೂ ಏನೂ ಕೊರತೆ ಆಗಲ್ಲ ಅಂತ ಮಾತಾಗಿತ್ತಲ್ಲ. ಹೆಚ್ಚು ತಿನ್ಸಿದ್ರೆ ಸೋಮಾರಿಗಳಾಗ್ತಾರಂತೆ, ನಿಮ್ಮ ನೆಂಟರ ಮೇಲೆ ನಂಗೆ ಅಷ್ಟೂ ಕಾಳಜಿ ಇಲ್ವಾ? ಕಾಕಂಬಿ ಕೇಳ್ಬೇಡಿ ಮತ್ತೆ, ಅದು ಬಂದಾಗಿದೆ."

ಇಂಡಿಯಾದ ಹಸಿವು ಅಲ್ಲಿದ್ದವರ ಮುಖದಲ್ಲಿ ಒಂದು ಗಳಿಗೆ ಹಾದುಹೋಯಿತು. ಮಿಸೆಸ್ ವಿಟ್‌ಕಾಂಬ್ ಮೂರ್ಛೆ ಹೋಗಲು ಕುರ್ಚಿ ಹತ್ತಿರವಿದೆಯೇ ಎಂದು ನೋಡಿಕೊಂಡು ಮೂರ್ಛೆ ಹೋದಳು. ಡೀಕನ್‌ಗೆ ಸಿಟ್ಟು ನೆತ್ತಿಗೇರಿತ್ತು, ಆದರೆ ನೆಂಟರ ಮುಂದೆ ಮುದುಕಿಯನ್ನು ಹೊಡೆಯುವಂತಿಲ್ಲ. ಆ ಸಂಕಟದಿಂದ ಅವನನ್ನು ಪಾರುಮಾಡಿದವನು ನೆಂಟರ ಜೊತೆ ಊಟಕ್ಕೆ ಕೂತಿದ್ದ ವೈದ್ಯ ಪೆಟಿಬೋನ್. ಅವನು ಹಲ್ಡಾಳ ಕಣ್ಣರೆಪ್ಪೆ ಎತ್ತಿ ನೋಡಿ, ನಾಲಿಗೆ ಚಾಚಿಸಿ ನೋಡಿ, ತಲೆಯಾಡಿಸಿದ.

"ಚೆನ್ನಾಗಿ ಅಡುಗೆ ಬರೋಳು ಬೇಕಂತ್ಲೇ ಹೀಗೆ ಮಾಡ್ತಾಳಾ? ಬುದ್ಧಿ ಹೋಗಿದೆ. ವಯಸ್ಸಾಯ್ತಲ್ಲ."

ಎಲ್ಲರಿಗೂ ಉಸಿರು ಬಂತು. ಮುದುಕಿ ಹುಚ್ಚಿಯಾದರೆ ಅವಳ ಮಾತು ಮಾತಲ್ಲ. ಗಂಜಿಯೂ ಗಂಜಿಯಲ್ಲ.

ಹಲ್ಡಾ ಒಳಗೊಳಗೇ ಕುಣಿದಳು. ಕೆಲಸಕ್ಕೆ ಬಾರದವಳು ಎಂದು ವಾಪಸು ಕಳಿಸುತ್ತಾರೆ, ಬೇಲಿಯ ಸಂದಿಯಾದರೂ ಸಿಗುತ್ತದೆ ಎಂದು ಅವಳ ಲೆಕ್ಕ. ವಾಪಸು ಕಳಿಸಿದರು, ಆದರೆ ಪಶ್ಚಿಮದ ಭಾಗಕ್ಕಲ್ಲ. ಬಡವರ ಮನೆಯ ಹಿಂದೆ, ಹಂದಿಗೂಡು ದಾಟಿದ ಮೇಲೆ, ಒಂದು ತಗ್ಗಿನ ಕಟ್ಟಡವಿತ್ತು. ಬುದ್ಧಿ ಕೆಟ್ಟವರನ್ನು ಅಲ್ಲಿಡುತ್ತಿದ್ದರು. ಉದ್ದನೆಯ ಒಂದೇ ಕೋಣೆ, ನೆಲಕ್ಕೆ ಹುಲ್ಲು, ಕಿಟಕಿಗೆ ಸರಳು, ಬಾಗಿಲಿಗೆ ಹೊರಗಿನಿಂದ ಬೀಗ. ಒಳಗೆ ದಿನವಿಡೀ ಒಂದೇ ಕೀರ್ತನೆ ಹಾಡುವ ಹೆಂಗಸೊಬ್ಬಳು, ಮೂಲೆಯಲ್ಲಿ ಮುದುಡಿ ಕೂತು ಯಾರನ್ನೂ ನೋಡದ ಗಂಡಸೊಬ್ಬ. ಆ ಇಬ್ಬರನ್ನು ವರ್ಷಗಟ್ಟಲೆ ಹಾಗೆ ಇಟ್ಟಿದ್ದರು, ಯಾವ ತಪಾಸಣೆಯೂ ಹಂದಿಗೂಡು ದಾಟಿ ಬಂದಿರಲಿಲ್ಲ.

ಮೊದಲ ದಿನ ಹಲ್ಡಾ ಹುಲ್ಲಿನ ಮೇಲೆ ಕೂತು ತನ್ನ ಜಾಣತನಕ್ಕೆ ತಾನೇ ಶಾಪ ಹಾಕಿಕೊಂಡಳು. ಎರಡನೆಯ ದಿನ ಗಂಜಿ ತಂದ ನೋರಾ ಸರಳಿನ ಸಂದಿಯಿಂದ ಒಳಗೆ ಇಣುಕಿ, ಹಾಡುವ ಹೆಂಗಸನ್ನು ನೋಡಿದಳು, ಮೂಲೆಯ ಗಂಡಸನ್ನು ನೋಡಿದಳು, ಮತ್ತೆ ಹೆಂಗಸನ್ನು ನೋಡಿದಳು.

"ಹಲ್ಡಕ್ಕಾ, ಇಲ್ಲಿ ಗೋಡೆ ಎಲ್ಲಿ?"

"ಯಾವ ಗೋಡೆ?"

"ಗಂಡಸು ಹೆಂಗಸು ಒಂದೇ ಕಡೆ ಇದ್ದೀರಲ್ಲ! ನೀತಿ ಎಲ್ಲೋಯ್ತು?"

ಹಲ್ಡಾ ಎದ್ದು ನಿಂತಳು. ಅಷ್ಟು ದೊಡ್ಡ ಕೌಂಟಿಯಲ್ಲಿ ಇದು ಯಾರ ತಲೆಗೂ ಹೊಳೆದಿರಲಿಲ್ಲ. ನೀತಿ ಬೇಕಾದದ್ದು ಬುದ್ಧಿ ಇದ್ದವರಿಗೆ. ಹುಚ್ಚರಿಗಾಗಿ ಗೋಡೆ ಕಟ್ಟಿ ಇಟ್ಟಿಗೆ ಹಾಳುಮಾಡುವವರು ಯಾರು?

"ನೋರಾ," ಎಂದಳು, "ಹೋಗಿ ಆ ಮುದುಕಂಗೆ ಹೇಳು. ಬೇಗ ಹುಚ್ಚು ಹಿಡಿಸ್ಕೋ ಅಂತ."

ಎಬೆನ್ ಪ್ರೌಟಿ ಜೀವಮಾನವಿಡೀ ನೆಟ್ಟಗೆ ಬದುಕಿದವನು, ನಾಟಕ ಬರುವುದಿಲ್ಲ. ಮಾರನೆಯ ಬೆಳಿಗ್ಗೆ ಮಂಚದ ಮೇಲೆ ನಿಂತು ಹುಂಜದ ಹಾಗೆ ಕೂಗಿದ. ಸ್ಪ್ರಾಗ್‌ನ ಹೆಂಡತಿ, "ಒಳ್ಳೇದಾಯ್ತು, ಇವರನ್ನೆಲ್ಲ ಎಬ್ಬಿಸೋ ಕೆಲಸ ತಪ್ತು," ಎಂದು ದಿನಾ ಕೂಗಲು ಹೇಳಿದಳು. ಬೂಟನ್ನು ಕೈಗೆ ಹಾಕಿಕೊಂಡು ಓಡಾಡಿದ. ಕಣ್ಣು ಕಾಣದ ಮುದುಕ, ಪಾಪ, ಎಂದು ಯಾರೋ ಬಿಚ್ಚಿ ಕಾಲಿಗೆ ಹಾಕಿದರು. ಅಂಗಳದ ನೀರಿನ ಪಂಪಿನ ಜೊತೆ ಗಂಟೆಗಟ್ಟಲೆ ಮಾತಾಡಿದ. ಅದನ್ನು ಯಾರೂ ಗಮನಿಸಲೇ ಇಲ್ಲ. ಬಡವರ ಮನೆಯಲ್ಲಿ ಪಂಪಿಗಿಂತ ಚೆನ್ನಾಗಿ ಕೇಳಿಸಿಕೊಳ್ಳುವವರು ಬೇರೆ ಯಾರೂ ಇರಲಿಲ್ಲವಲ್ಲ. ನೋರಾ ಬಂದು ವರದಿ ಒಪ್ಪಿಸಿದಾಗ ಹಲ್ಡಾ ತಲೆ ತಲೆ ಚಚ್ಚಿಕೊಂಡಳು. "ಐವತ್ತು ವರ್ಷ ನನ್ನ ಜೊತೆ ಇದ್ದ, ಇಷ್ಟು ಹುಚ್ಚೂ ಕಲೀಲಿಲ್ಲ!"

ದೇವರಿಗೆ ಕೃತಜ್ಞತೆ ಹೇಳುವ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಬಂತು. ಆ ದಿನ ಬಡವರ ಮನೆಯಲ್ಲಿ ಒಂದು ಪದ್ಧತಿ. ಕಮಿಷನರುಗಳು ಬಂದು ಮುಂದಿನ ಬೆಂಚಿನಲ್ಲಿ ಕೂರುತ್ತಾರೆ. ಮನೆಯವರು ಒಬ್ಬೊಬ್ಬರಾಗಿ ಎದ್ದು ನಿಂತು, ಈ ವರ್ಷ ತಾವು ಯಾವುದಕ್ಕೆ ಕೃತಜ್ಞರು ಎಂದು ಗಟ್ಟಿಯಾಗಿ ಹೇಳಬೇಕು. ಕಂಬಳಿಗೆ, ಸೂರಿಗೆ, ಕೌಂಟಿಯ ದೊಡ್ಡ ಮನಸ್ಸಿಗೆ ಎಂದು ಸಾಲು ಸಾಗಿತು. ಡೀಕನ್ ವಿಟ್‌ಕಾಂಬ್ ಪ್ರತಿಯೊಂದಕ್ಕೂ ವಿನಯದಿಂದ ತಲೆಬಾಗಿದ. ಎಬೆನ್‌ನ ಸರದಿ ಬಂದಾಗ ಅವನು ಬೆಂಚು ಹಿಡಿದು ಎದ್ದ. ಕೂಗಲಿಲ್ಲ, ಕುಣಿಯಲಿಲ್ಲ. ಅವನಿಗೆ ಸಾಕಾಗಿತ್ತು. ಊರಿನ ಸಭೆಯಲ್ಲಿ ಮಾತಾಡುತ್ತಿದ್ದ ಹಾಗೆ, ಲೆಕ್ಕಾಚಾರದ ರೈತನ ಹಾಗೆ, ಶಾಂತವಾಗಿ ಮಾತಾಡಿದ.

"ಕಮಿಷನರ್ ಸ್ವಾಮಿಗಳ ಉಪಕಾರ ದೊಡ್ಡದು. ಅದನ್ನ ಹೇಗೆ ತೀರ್ಸೋದು ಅಂತ ಯೋಚನೆ ಮಾಡ್ತಿದ್ದೆ, ಒಂದು ದಾರಿ ಹೊಳೀತು. ಈ ಚಳಿಗಾಲ ಅವರು ಇಲ್ಲಿ ಬಂದಿರಲಿ. ಡೀಕನ್ನರು ನನ್ನ ಮಂಚದಲ್ಲಿ ಮಲಗ್ಲಿ, ಅವರ ಮನೆಯವರು ಗೋಡೆ ಆ ಕಡೆ. ಭಾನುವಾರ ಬೇಲಿ ಹತ್ರ ಮಾತಾಡ್ಕೊಳ್ಲಿ. ಗಂಜಿ ಕೊಡೋಣ. ನಾವು ಅಲ್ಲಿವರೆಗೆ ಅವರ ಮನೇಲಿ ಇರ್ತೀವಿ. ವಸಂತ ಬಂದಾಗ ಯಾರು ಸೋಮಾರಿ ಆಗಿದ್ದಾರೆ, ಯಾರು ಬದುಕಿದ್ದಾರೆ, ನೋಡಿದ್ರಾಯ್ತು."

ಡೀಕನ್ನನ ಮುಖ ಮೊದಲು ಕೆಂಪಾಯಿತು, ಆಮೇಲೆ ಹುಳ್ಳಗಾಯಿತು, ಕೊನೆಗೆ ಕರುಣೆಯಿಂದ ತುಂಬಿತು. ವೈದ್ಯನ ಕಡೆ ಬಾಗಿ, "ಪಾಪ, ಯಾವಾಗಿಂದ ಹೀಗೆ?" ಎಂದು ಪಿಸುಗುಟ್ಟಿದ.

"ಹೆಂಡತೀದು ಅಂಟಿರ್ಬೇಕು," ಎಂದ ಪೆಟಿಬೋನ್.

ಅಂದು ಸಂಜೆ ಎಬೆನ್‌ನನ್ನು ಇಬ್ಬರು ರಟ್ಟೆ ಹಿಡಿದು ಹಂದಿಗೂಡಿನಾಚೆಗೆ ತಂದು ಬಿಟ್ಟರು. ಬಾಗಿಲು ಮುಚ್ಚಿತು, ಬೀಗ ಬಿತ್ತು.

"ಹಲ್ಡಾ? ಎಲ್ಲಿದ್ದೀಯೇ?"

"ಇಲ್ಲೇ. ಕೈ ಕೊಡು. ಅಲ್ಲಲ್ಲ, ಅದು ಕಿಟಕಿ."

ಅವಳು ಅವನ ಕೈ ಹಿಡಿದು ಹುಲ್ಲಿನ ಮೇಲೆ ಕೂರಿಸಿದಳು. ಬಡವರ ಮನೆಗೆ ಬಂದ ಮೂರು ವರ್ಷದಲ್ಲಿ ಮೊದಲ ಸಲ ಅವರು ಒಂದೇ ಕಂಬಳಿ ಹೊದ್ದರು. ಆ ಚಳಿಗಾಲ ಗೋಡೆಯ ಸಂದಿನಿಂದ ಹಿಮ ಒಳಗೆ ಬರುತ್ತಿತ್ತು. ಒಲೆಯಿರಲಿಲ್ಲ. ಗಂಜಿ ಬರುವಷ್ಟರಲ್ಲಿ ತಣ್ಣಗಾಗಿರುತ್ತಿತ್ತು. ಆದರೆ ತಟ್ಟೆಯ ರೊಟ್ಟಿ ಎಬೆನ್‌ನ ಕೈಗೇ ಬರುತ್ತಿತ್ತು, ಅವನ ಗಡ್ಡ ಓರಣವಾಯಿತು, ಅವನ ಕೆನ್ನೆ ತುಸು ತುಂಬಿತು. ಹಲ್ಡಾ ಮೂಲೆಯ ಗಂಡಸಿಗೂ ದಿನಾ ತುತ್ತು ತಿನ್ನಿಸಲು ಶುರುಮಾಡಿದಳು. ಹಾಡುವ ಹೆಂಗಸಿನ ಕೀರ್ತನೆಗೆ ಎಬೆನ್ ಧ್ವನಿ ಸೇರಿಸುತ್ತಿದ್ದ, ಸ್ವರ ತಪ್ಪಿ. ಹಲ್ಡಾ ಸುಖವಾಗಿದ್ದಳು. ಅಂಥ ಜಾಗದಲ್ಲಿ ಸುಖವಾಗಿದ್ದುದಕ್ಕೆ ಅವಳಿಗೆ ನಾಚಿಕೆಯೂ ಆಗುತ್ತಿತ್ತು, ಕೌಂಟಿಯ ಮೇಲೆ ಹೇಸಿಗೆಯೂ ಆಗುತ್ತಿತ್ತು.

ಫೆಬ್ರವರಿಯ ಒಂದು ಮಧ್ಯಾಹ್ನ ಸ್ಪ್ರಾಗ್ ವೈದ್ಯನನ್ನು ಕರೆದುಕೊಂಡು ಬಂದ. ಹಲ್ಡಾ ಹೋದ ಮೇಲೆ ಅಡುಗೆಮನೆ ಅವನ ಹೆಂಡತಿಯ ಪಾಲಾಗಿತ್ತು, ಅವನ ಕೋಟು ಅವನ ಮೈಮೇಲೆ ಜೋಲಾಡುತ್ತಿತ್ತು. ಸಾಲದ್ದಕ್ಕೆ ರಾಜಧಾನಿಯಿಂದ ದೊಡ್ಡವರು ಯಾರೋ ತಪಾಸಣೆಗೆ ಬರುವವರಿದ್ದರು. ಎಂಥ ತಪಾಸಣೆ ಎಂದು ಹೇಳಬೇಕಾಗಿಲ್ಲ.

"ಹಲ್ಡಮ್ಮಾ, ಡಾಕ್ಟರ್ ಬಂದಿದ್ದಾರೆ," ಎಂದ ಸ್ಪ್ರಾಗ್ ಬೆಣ್ಣೆಯಂಥ ಧ್ವನಿಯಲ್ಲಿ. "ನಿಮಗೆ ವಾಸಿಯಾಗಿದೆ ಅಂತ ನಂಗನ್ಸುತ್ತೆ. ನೋಡಿದ್ರೇ ಗೊತ್ತಾಗುತ್ತೆ."

"ನನ್ನ ಯಜಮಾನರಿಗೂ ಆಗಿದ್ಯಾ?"

ಪೆಟಿಬೋನ್ ಎಬೆನ್‌ನ ಕಡೆ ತಿರುಗಿದ. "ಎಬೆನ್, ಕಮಿಷನರುಗಳ ಬಗ್ಗೆ ಅವತ್ತೇನೋ ಹೇಳಿದ್ಯಲ್ಲ. ಈಗೇನ್ ಹೇಳ್ತೀಯಾ?"

"ಚಳಿಗಾಲ ಇನ್ನೂ ಮುಗಿದಿಲ್ಲ," ಎಂದ ಎಬೆನ್. "ಈಗ ಬಂದ್ರೂ ಆಗುತ್ತೆ."

"ಇ‌ವನದು ವಾಸಿಯಾಗೋದಲ್ಲ," ಎಂದು ವೈದ್ಯ ನಿಟ್ಟುಸಿರುಬಿಟ್ಟ. "ನೀನು ಹೇಳಮ್ಮ. ಅಲ್ಲಿ ದೊಡ್ಡ ಮನೇಲಿ ನಿಂಗೆ ಒಳ್ಳೆ ಮಂಚ ಇದೆ. ಒಲೆ ಪಕ್ಕಾನೇ ಕೆಲಸ. ಮೇಲ್ವಿಚಾರಕರ ಊಟಾನೇ ನಿಂಗೂ. ಇಲ್ಲಿ ಹುಲ್ಲು, ಚಳಿ, ತಣ್ಣನೆ ಗಂಜಿ. ಎಲ್ಲಿರ್ತೀಯಾ? ಯೋಚನೆ ಮಾಡಿ ಹೇಳು."

"ಇಲ್ಲೇ," ಎಂದಳು ಹಲ್ಡಾ.

"ಅಯ್ಯೋ, ಅಲ್ಲಿ ಅಂತ ಹೇಳಮ್ಮಾ!" ಸ್ಪ್ರಾಗ್ ಸರಳು ಹಿಡಿದು ಗೋಗರೆದ. "ಒಂದೇ ಮಾತು! ಡಾಕ್ಟರೇ, ಇನ್ನೊಂದ್ಸಲ ಕೇಳಿ, ಸರಿಯಾಗಿ ಕೇಳ್ಸಿಲ್ಲ ಅವರಿಗೆ."

ಪೆಟಿಬೋನ್ ತನ್ನ ವಿದ್ಯೆಗೆ ಮೋಸ ಮಾಡುವವನಲ್ಲ. "ಏನು ಕೇಳೋದು ಸ್ಪ್ರಾಗ್? ಬೆಚ್ಚನೆ ಮಂಚ ಬಿಟ್ಟು ಇಂಥಾ ಕಡೆ ಇರ್ತೀನಿ ಅನ್ನೋಳಿಗೆ ಬುದ್ಧಿ ಇದೆ ಅಂತ ನಾನು ಹೇಗೆ ಹೇಳ್ಲಿ? ಮೊದಲಿಗಿಂತ ಜಾಸ್ತಿಯಾಗಿದೆ."

ಸ್ಪ್ರಾಗ್ ಹಸಿದ ಮುಖ ಹೊತ್ತು ನಿಂತೇ ಇದ್ದ. ವೈದ್ಯ ಟೋಪಿ ಹಾಕಿಕೊಂಡು ಹೊರಡಲು ತಿರುಗಿದ. ಹಲ್ಡಾ ಗಂಡನ ಹೆಗಲ ಮೇಲೆ ಕಂಬಳಿ ಎಳೆದು, ಬಾಗಿಲ ಕಡೆ ಮುಖಮಾಡಿ ಕೂಗಿದಳು.

"ಹೋಗ್ತಾ ಬೀಗ ಸರಿಯಾಗಿ ಹಾಕ್ಕೊಂಡು ಹೋಗಿ ಸ್ವಾಮಿ. ಬುದ್ಧಿ ಇರೋರು ಯಾರಾದ್ರೂ ಒಳಗೆ ಬಂದುಬಿಟ್ಟಾರು."